ನಾಲ್ಕೂಕಾಲು ಸೆಕೆಂಡಿನ ನಮಸ್ಕಾರ

ಬೂಟು ಬಿಡಬೇಕಾಗುತ್ತದೆಂದು ಮೊದಲೇ ಊಹಿಸಿ ಕಿನುಯೊ ಇನ್ನೊಂದು ಜೊತೆ ಕಾಲುಚೀಲವನ್ನು ಕೈಚೀಲದಲ್ಲಿಟ್ಟುಕೊಂಡು ಬಂದಿದ್ದಳು. ಬೆಳಿಗ್ಗೆ ಹಾಕಿಕೊಂಡದ್ದೂ ಹೊಸದೇ. ಆದರೆ ಮನೆಯಿಂದ ಬಸ್ಸು, ಬಸ್ಸಿನಿಂದ ಈ ಕಟ್ಟಡ, ಅಷ್ಟರೊಳಗೆ ಹೆಬ್ಬೆರಳು ಏನು ಮಾಡಿಟ್ಟೀತೋ ಯಾರು ಕಂಡರು? ಬಂದದ್ದು ನಲವತ್ತು ನಿಮಿಷ ಮುಂಚೆ. ಮುಂಚೆ ಬಂದದ್ದು ಯಾರಿಗೂ ಗೊತ್ತಾಗಬಾರದೆಂದು ವಿಶ್ವವಿದ್ಯಾಲಯದ ಆ ಕಟ್ಟಡಕ್ಕೆ ಮೂರು ಸುತ್ತು ಹಾಕಿದ್ದಳು. ಫೆಬ್ರವರಿಯ ಹಮಾಮಾತ್ಸು ನಗರದ ಒಣಗಾಳಿ ಒಂದು ಮೂಲೆಯಲ್ಲಿ ಬೆನ್ನಿಗೆ ಕೈಕೊಟ್ಟು ತಳ್ಳುತ್ತಿತ್ತು, ಮುಂದಿನ ಮೂಲೆಯಲ್ಲಿ ಎದೆಗೆ ಕೈಕೊಟ್ಟು ತಡೆಯುತ್ತಿತ್ತು. ಮೂರನೆಯ ಸುತ್ತಿನಲ್ಲಿ ಮೇಲಿನ ಕಿಟಕಿಯಿಂದ ಯಾರೋ ನೋಡಿದಂತಾಗಿ, ಮರದ ಹೆಸರು ಓದುವವಳ ಹಾಗೆ ಒಂದು ಫಲಕದ ಮುಂದೆ ನಿಂತಳು. ಓದಿದ ಮೇಲೆ ತಿಳಿಯಿತು, ಅದು ಬೆಂಕಿ ಆರಿಸುವ ನಲ್ಲಿಯ ಫಲಕ. ಆದರೂ ಕೊನೆಯ ಸಾಲಿನವರೆಗೆ ಓದಿ, ತಿಳಿಯಿತೆಂಬಂತೆ ತಲೆಯಾಡಿಸಿ ಮುಂದೆ ಹೋದಳು. ಹೊರಡುವಾಗ ಕನ್ನಡಿಯ ಮುಂದೆ ಇಪ್ಪತ್ತು ನಿಮಿಷ ನಿಂತವಳನ್ನು ನೋಡಿ ಗಂಡ ತಾಮೊತ್ಸು, "ಅಲ್ವೇ, ತಲೆಗೆ ಅಂಟು ಬಳೀತಾರೆ ಅಂತ ನೀನೇ ಹೇಳಿದ್ದು. ಈಗ ನೋಡಿದ್ರೆ ಮದುವೆಗೆ ಹೊರಟೋಳ ಹಾಗೆ ಬಾಚ್ಕೊಂಡು ಕೂತಿದ್ದೀಯಲ್ಲ," ಅಂದಿದ್ದ. "ಅಂಟು ಬಳಿಯೋ ಮುಂಚೆ ನೋಡ್ತಾರಲ್ರೀ," ಅಂದಿದ್ದಳು ಅವಳು. ತಾಮೊತ್ಸು ಮೂವತ್ತೆಂಟು ವರ್ಷ ಪಿಯಾನೊ ಕಾರ್ಖಾನೆಯಲ್ಲಿ, ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಗೆ ಸೂಜಿ ಚುಚ್ಚಿ ನಾದ ಮೆತ್ತಗೆ ಮಾಡುತ್ತಿದ್ದವನು. ಹೆಂಡತಿಯನ್ನೂ ಹಾಗೇ ಅಷ್ಟಷ್ಟೇ ಚುಚ್ಚಿ ಮೆತ್ತಗೆ ಮಾಡಬಹುದೆಂದು ಈಗಲೂ ನಂಬಿದ್ದ.

ತಲೆಗೆ ಟೋಪಿ ತೊಡಿಸಿದವನು ಹಯಾಸೆ ಎಂಬ ಸಂಶೋಧನಾ ವಿದ್ಯಾರ್ಥಿ. ಬಾಗಿಲ ಚೌಕಟ್ಟಿಗೆ ಹಣೆ ತಾಗದಂತೆ ಅಭ್ಯಾಸಬಲದಿಂದ ಕುಗ್ಗಿ ಒಳಬರುವಷ್ಟು ಎತ್ತರದವನು. ಟೋಪಿಯ ತುಂಬ ತೂತುಗಳು, ಒಂದೊಂದು ತೂತಿನಲ್ಲೂ ಒಂದೊಂದು ತಂತಿ. ಮೊಂಡು ಸಿರಿಂಜಿನಿಂದ ಅವುಗಳೊಳಗೆ ತಣ್ಣನೆಯ ಲೋಳೆ ತುಂಬಬೇಕು. "ನೋವಾದ್ರೆ ಹೇಳಿ," ಅಂದ. "ಇಲ್ಲ, ಸ್ವಲ್ಪವೂ ಇಲ್ಲ," ಅಂದಳು. "ಇನ್ನೂ ಮುಟ್ಟೇ ಇಲ್ಲ, ಅಶಿಜಾವಾ-ಸಾನ್," ಅಂದ ಅವನು, ಅವಳ ಗಂಡನ ಮನೆಯ ಹೆಸರು ಹಿಡಿದು. ಕಿನುಯೊ ನಕ್ಕಳು. ಕ್ಷಮೆಯನ್ನು ಯಾವಾಗಲೂ ಒಂದು ಹೆಜ್ಜೆ ಮುಂದೆ ಕಳಿಸಿ ಹಿಂದಿನಿಂದ ತಾನು ಹೋಗುವ ತನ್ನ ಈ ಗುಣ ಅರುವತ್ತೊಂದು ವರ್ಷದಲ್ಲೂ ಹೋಗಲಿಲ್ಲವಲ್ಲ ಎಂದುಕೊಂಡಳು. ನಾಲ್ಕು ದಿನದ ಹಿಂದೆ ಹಚ್ಚಿದ ಕೂದಲ ಬಣ್ಣ ಲೋಳೆಗೆ ಅಂಟಿಕೊಂಡು ಬಂದರೆ? ಈ ಹುಡುಗರು ಅದನ್ನು ಮೆದುಳಿನದೇ ಏನೋ ಎಂದು ತಿಳಿದರೆ? ಹಯಾಸೆ ಒಂದು ಸಣ್ಣ ಪೆಟ್ಟಿಗೆಯನ್ನು ಅವಳ ಬಲಗೈಗೆ ಕೊಟ್ಟ. ಅದರ ಮೇಲೆ ಹಿಂದೆ ಮುಂದೆ ಸರಿಯುವ ಗುಂಡಿ. "ನಾಲ್ಕೈದು ಸ್ವರ ಒಟ್ಟಿಗೆ ಕೇಳುತ್ತಲ್ಲ, ಆ ಗೊಂಚಲುಗಳು ಒಂದಾದ ಮೇಲೊಂದು ಬರ್ತಾವೆ. ಹಿತ ಅನ್ಸಿದಷ್ಟು ಗುಂಡೀನ ಮುಂದಕ್ಕೆ ತಳ್ಳಿ. ತಲೆ ಮಾತ್ರ ಅಲ್ಲಾಡಿಸ್ಬಾರ್ದು, ತಂತಿ ಕಿತ್ತು ಬರುತ್ತೆ. ಸರಿ ಉತ್ತರ, ತಪ್ಪು ಉತ್ತರ ಅಂತ ಏನೂ ಇಲ್ಲ." ಆ ಕೊನೆಯ ಮಾತಿಗೇ ಅವಳು ಪೆಟ್ಟಿಗೆಯನ್ನು ಬಿಗಿಯಾಗಿ ಹಿಡಿದಳು. ಮೂವತ್ತೇಳು ವರ್ಷ ಪ್ರಾಥಮಿಕ ಶಾಲೆಯ ಸಂಗೀತದ ಕೋಣೆಯಲ್ಲಿ ನಿಂತು ಅದೇ ಮಾತನ್ನು ಮಕ್ಕಳಿಗೆ ಹೇಳಿದವಳು ಅವಳು. ಹೇಳಿದಾಗಲೆಲ್ಲ ಸರಿ ಉತ್ತರ ಅವಳಿಗೆ ಗೊತ್ತಿರುತ್ತಿತ್ತು.

ಬಾಗಿಲು ಮುಚ್ಚಿತು. ಹೊರಗಿನ ಸದ್ದು ಒಳಗೆ ಬಾರದ ಕೋಣೆ. ಗೋಡೆಗಳಿಗೆ ಬೂದು ಬಣ್ಣದ ಮೆತ್ತೆ. ತನ್ನ ಎದೆಯ ಡಬಡಬ ಅವಳಿಗೇ ಕೇಳಿಸುತ್ತಿತ್ತು. ಅದು ಪಕ್ಕದ ಕೋಣೆಯ ಪರದೆಯ ಮೇಲೂ ಓಡುತ್ತಿರಬಹುದು, ಆ ಪರದೆಯ ಮುಂದೆ ಓಬಾ ಮಿಚಿರು ಕೂತಿರಬಹುದು. ಇನ್ನೂ ಮುಖ ಕಂಡಿರಲಿಲ್ಲ. ಬಾಗಿಲ ಮೇಲಿನ ಹೆಸರು ಮಾತ್ರ ಕಂಡಿತ್ತು: ಪ್ರೊಫೆಸರ್ ಓಬಾ ಮಿಚಿರು. ಕಳೆದ ತಿಂಗಳು ಪಕ್ಕದ ಮನೆಯಾಕೆ ತಂದುಕೊಟ್ಟ ಕೇರಿಯ ಸುತ್ತೋಲೆಯ ಹಲಗೆಯಲ್ಲಿ ಕಸದ ದಿನ ಬದಲಾದದ್ದರ ಕೆಳಗೆ, ಕಾಣೆಯಾದ ಬೆಕ್ಕಿನ ಚಿತ್ರದ ಮೇಲೆ ಆ ಹೆಸರಿತ್ತು. ಸಂಗೀತ ಕಲಿತ ಹಿರಿಯರು ಬೇಕಾಗಿದ್ದಾರೆ, ಮುಂದೇನು ಬರುವುದೆಂದು ತಿಳಿಯದಾಗ ಮೆದುಳು ಏನು ಮಾಡುತ್ತದೆ ಎಂಬ ಅಧ್ಯಯನಕ್ಕೆ. ಓದಿ ಮುಗಿಸಿ ಹಲಗೆಯನ್ನು ಮುಂದಿನ ಮನೆಗೆ ದಾಟಿಸುವ ಬದಲು ಎರಡು ದಿನ ತನ್ನಲ್ಲೇ ಇಟ್ಟುಕೊಂಡಿದ್ದಳು. ಹಾಗೆ ಇಟ್ಟುಕೊಳ್ಳುವುದು ಕೇರಿಯಲ್ಲಿ ಸಣ್ಣ ತಪ್ಪಲ್ಲ. ಮುಂದೇನು ಬರುವುದೆಂದು ತಿಳಿಯದಾಗ ತನ್ನ ಮೆದುಳು ಏನು ಮಾಡುತ್ತದೆಂದು ಅವಳಿಗೆ ಗೊತ್ತೇ ಇತ್ತು: ಅದು ಕಾಲುಚೀಲ ತುಂಬಿಕೊಳ್ಳುತ್ತದೆ. ಆ ಮಿಚಿರುವೇ ಇವಳು ಎಂಬುದರಲ್ಲೂ ಅನುಮಾನವಿರಲಿಲ್ಲ. ಮೂವತ್ತೊಂದು ವರ್ಷದ ಹಿಂದೆ ನದಿದಂಡೆಯ ಶಾಲೆಯ ಬೀಳ್ಕೊಡುಗೆಯ ದಿನ ವೇದಿಕೆಯ ಮೇಲೆ ಹೆಡ್‌ಮಾಸ್ಟರರ ಎದುರು ನಿಂತಿದ್ದ ಆರನೆಯ ತರಗತಿಯ ಹುಡುಗಿ. ಅವಳಿಗೆ ತನ್ನ ಗುರುತು ಸಿಗಲಾರದು. ಆಗ ತನಗೆ ಮದುವೆಯಾಗಿರಲಿಲ್ಲ, ತಾನಾಗ ನೀಮುರಾ ಸೆನ್ಸೇ, ಇಪ್ಪತ್ತಾರು ಕೇಜಿಯ ಮಗುವನ್ನೂ ಎತ್ತಿ ಪಿಯಾನೊ ಸ್ಟೂಲಿನ ಮೇಲೆ ಕೂರಿಸುತ್ತಿದ್ದ ಗಟ್ಟಿ ತೋಳಿನ ಟೀಚರು. ಸುಮ್ಮನೆ ಹೋಗಿ, ಆ ಹುಡುಗಿ ಚೆನ್ನಾಗಿದ್ದಾಳೆಂದು ಕಣ್ಣಾರೆ ನೋಡಿ ಬಂದರಾಯಿತು ಎಂದು ಹೊರಟಿದ್ದಳು. ಕೈಚೀಲದಲ್ಲಿ ಕಾಲುಚೀಲದ ಕೆಳಗೆ ಉತ್ತರದ ಕಾರ್ಡೊಂದಿತ್ತು. ಅದೇ ಶಾಲೆ ಮಕ್ಕಳಿಲ್ಲದೆ ಮಾರ್ಚಿನಲ್ಲಿ ಮುಚ್ಚುತ್ತದೆ. ಕೊನೆಯ ಸಮಾರಂಭದಲ್ಲಿ ಎಲ್ಲರೂ ಬಾಗಿ ನಮಸ್ಕರಿಸುವಾಗಿನ ಪಿಯಾನೊವನ್ನು ಹಳೆಯ ಸಂಗೀತದ ಟೀಚರೇ ನುಡಿಸಬೇಕೆಂದು ಕೇಳಿದ್ದರು. ಇವತ್ತು ಅಂಚೆಗೆ ಹಾಕಲು ಕಡೆಯ ದಿನ. 'ಬರಲಾಗುವುದಿಲ್ಲ' ಎಂಬುದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಕೆಳಗೆ 'ಬೆರಳುನೋವು' ಎಂದು ಪೆನ್ಸಿಲಿನಲ್ಲೇ ಬರೆದಿದ್ದಳು. ಏನನ್ನೇ ಆಗಲಿ ಮೊದಲು ಪೆನ್ಸಿಲಿನಲ್ಲಿ ಬರೆದು ಅಂಚೆಪೆಟ್ಟಿಗೆಯ ಎದುರು ಶಾಯಿಯಲ್ಲಿ ತಿದ್ದುವುದು ಅವಳ ಪದ್ಧತಿ. ಬೆರಳಿಗೆ ನೋವಿರಲಿಲ್ಲ.

ಗೊಂಚಲುಗಳು ಬರತೊಡಗಿದವು. ಯಾವ ಹಾಡಿನವೆಂದು ಗುರುತು ಸಿಗದಂತೆ ರಾಗವನ್ನೂ ಮಾತನ್ನೂ ಕಿತ್ತು ಬರಿಯ ಆಸರೆಯ ಸ್ವರಗಳನ್ನು ಮಾತ್ರ ಉಳಿಸಿದ್ದರು, ಸೂರು ತೆಗೆದು ಕಂಬ ಮಾತ್ರ ನಿಲ್ಲಿಸಿದ ಮನೆಯ ಹಾಗೆ. ಮೊದಮೊದಲು ಕಿನುಯೊ ಪ್ರಾಮಾಣಿಕವಾಗಿ ಗುಂಡಿ ತಳ್ಳಿದಳು. ಆಮೇಲೆ, ಇಷ್ಟು ಹೆಚ್ಚು ತಳ್ಳಿದರೆ ಅಗ್ಗದ ಅಭಿರುಚಿಯವಳು ಎಂದುಕೊಂಡಾರೇನೋ ಎಂದು ಹಿಂದಕ್ಕೆಳೆದಳು. ತೀರ ಹಿಂದಕ್ಕೆಳೆದರೆ ಬೇಸರಪಟ್ಟಳೆಂದು ಆ ಹುಡುಗ ನೊಂದುಕೊಂಡಾನೆಂದು ಮತ್ತೆ ಮುಂದಕ್ಕೆ. ಆದರೆ ನಾದ ಅವಳ ಲೆಕ್ಕಾಚಾರಕ್ಕೆ ಕಾಯಲಿಲ್ಲ. ಇನ್ನೇನು ಮನೆ ಬಂತೆಂದು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದರೆ ಒಳಗೆ ಬೇರೆ ಯಾರದೋ ಮನೆ, ಬೇರೆ ಯಾರೋ ಊಟಕ್ಕೆ ಕೂತಿದ್ದಾರೆ, ಬನ್ನಿ ಬನ್ನಿ ಅನ್ನುತ್ತಿದ್ದಾರೆ. ಹೀಗೆ ಒಂದು ಕಡೆ ಆಯಿತು, ಬೆನ್ನಿನಲ್ಲಿ ಸಣ್ಣ ಜುಮ್ಮು ಹರಿಯಿತು, ಗುಂಡಿ ತಾನಾಗಿ ಮುಂದೆ ಹೋಯಿತು. ಇನ್ನೊಂದು ಕಡೆ ಗೊಂಚಲುಗಳು ದಿಕ್ಕು ತಪ್ಪಿ, ಮಂಜಿನಲ್ಲಿ ನಡೆದ ಹಾಗೆ ಎಲ್ಲಿಗೆ ಹೋಗುತ್ತಿವೆಯೆಂದೇ ತಿಳಿಯದಾಗಿ, ತಟ್ಟನೆ ತೀರ ಸಾದಾ, ಗೊತ್ತಿದ್ದ ಒಂದು ಗೊಂಚಲು ಸಿಕ್ಕಿತು. ಆಗಲೂ ಹಿತ, ಅದು ಬೇರೆಯ ಬಗೆಯದು. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ ಅಮ್ಮನ ಸೆರಗು ಸಿಕ್ಕಿದ ಹಾಗೆ ಎಂದುಕೊಂಡಳು. ಅಮ್ಮ ಉಟ್ಟುಕೊಳ್ಳುತ್ತಿದ್ದದ್ದು ನೀಲಿ ಪಟ್ಟೆಯ ಕಿಮೋನೊ, ಸೆರಗಿಲ್ಲ, ತೋಳಿನ ತುದಿ. ಹತ್ತಿಯ ಆ ತೋಳಿನಲ್ಲಿ ಹೊಗೆಯ, ಒಣಮೀನಿನ ವಾಸನೆ ಇರುತ್ತಿತ್ತು. ಗುಂಡಿಯನ್ನು ತುದಿಯವರೆಗೆ ತಳ್ಳಿದಳು. ಯಾರು ಏನಂದುಕೊಂಡರೂ ಸರಿ.

ಆಮೇಲೆ ಸ್ವಲ್ಪ ಮೌನ. ಮೌನದ ತುದಿಯಲ್ಲಿ, ಯಾವ ಎಚ್ಚರಿಕೆಯೂ ಇಲ್ಲದೆ, ನಮಸ್ಕಾರದ ಗೊಂಚಲು.

ಇಲ್ಲಿ ಶಾಲೆ ಕಲಿತ ಯಾರ ಬೆನ್ನುಹುರಿಯಲ್ಲೂ ಆ ಮೂರು ಗೊಂಚಲುಗಳಿವೆ. ಪಿಯಾನೊ ಮೊದಲನೆಯದನ್ನು ಹೇಳಿದರೆ ನೆಟ್ಟಗೆ ನಿಲ್ಲಬೇಕು. ಎರಡನೆಯದಕ್ಕೆ ಸೊಂಟದಿಂದ ಬಾಗಬೇಕು. ಮೂರನೆಯದು ಬಂದ ಮೇಲೆ ಏಳಬೇಕು. ಎರಡನೆಯದರಲ್ಲಿ ನಾದ ಒಂಟಿಕಾಲು ಎತ್ತಿ ನಿಂತಿರುತ್ತದೆ, ಮೂರನೆಯದರಲ್ಲಿ ಆ ಕಾಲನ್ನು ನೆಲಕ್ಕೆ ಊರುತ್ತದೆ, ಅದರ ಜೊತೆ ಐನೂರು ಬೆನ್ನುಗಳು ಮೇಲೇಳುತ್ತವೆ. ತಲೆ ಅಲ್ಲಾಡಿಸಬಾರದೆಂಬುದು ಕಿನುಯೊವಿನ ತಲೆಗೆ ಗೊತ್ತಿತ್ತು. ಬೆನ್ನಿಗೆ ಗೊತ್ತಿರಲಿಲ್ಲ. ಮೊದಲ ಗೊಂಚಲಿಗೆ ಅದು ಕುರ್ಚಿಯಲ್ಲೇ ನೆಟ್ಟಗಾಯಿತು, ಎರಡನೆಯದಕ್ಕೆ ಬಾಗಿತು. ಕಿವಿಯ ಹಿಂದೆ ಪಟ್ ಎಂದು ಒಂದು ತಂತಿ ಕಿತ್ತುಬಂತು, ಇನ್ನೊಂದೂ ಬಂತು. ಅಯ್ಯೋ ಎಂದುಕೊಳ್ಳುವಷ್ಟರಲ್ಲಿ ಮೂರನೆಯದು ಬಂತು. ಅದು ಮೂರನೆಯದಾಗಿರಲಿಲ್ಲ. ಮೇಲಿನ ಸ್ವರಗಳೆಲ್ಲ ಸರಿಯಾಗಿ ಮನೆಗೆ ಬಂದಿದ್ದವು, ಆದರೆ ತಳದಲ್ಲಿ ಆಧಾರಸ್ವರ 'ದೋ' ಇರಬೇಕಾದ ಕಡೆ ಪಕ್ಕದ ಮನೆಯ 'ಲಾ' ಕೂತಿತ್ತು, ತುಸು ವಿಷಾದ, ತುಸು ತುಂಟತನದ ಮುಖದಲ್ಲಿ. ಅದನ್ನು ಅವಳು ಎಲ್ಲಿದ್ದರೂ ಗುರುತಿಸಬಲ್ಲಳು. ಅದು ಅವಳದೇ ತಪ್ಪು.

ಮೂವತ್ತೊಂದು ವರ್ಷದ ಹಿಂದಿನ ಆ ಮಾರ್ಚಿನ ಬೆಳಿಗ್ಗೆ ಸಭಾಂಗಣದ ಸುತ್ತ ಕೆಂಪು ಬಿಳಿ ಪಟ್ಟೆಯ ಪರದೆ, ನಾಲ್ಕು ಮೂಲೆಗೆ ನಾಲ್ಕು ಸೀಮೆಎಣ್ಣೆ ಒಲೆ. ವೇದಿಕೆಯ ಮೇಲೆ ಹೆಡ್‌ಮಾಸ್ಟರ್ ಇವಾಬುಚಿ, ಅವರೆದುರು ಮಕ್ಕಳೆಲ್ಲರ ಪರವಾಗಿ ಮಾತಾಡಲು ಮಿಚಿರು. ಕಿನುಯೊ ಎರಡನೆಯ ಗೊಂಚಲು ಒತ್ತಿದಳು, ಎಲ್ಲರೂ ಬಾಗಿದರು. ಕೈ ನೋಡಿಕೊಂಡು ನುಡಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಎಲ್ಲೆಲ್ಲೂ ಕಣ್ಣಿಡುವುದು ಅವಳ ಹುಟ್ಟುಗುಣ. ಬಾಗಿದ ಮಿಚಿರುವಿನ ಕೂದಲ ರಿಬ್ಬನ್ ಸಡಿಲವಾಗಿ ಒಂದು ತುದಿ ಕೆಳಗೆ ಜಾರುತ್ತಿದ್ದದ್ದು ಕಂಡಿತು. ಅಯ್ಯೋ, ಯಾರಾದರೂ ಹೇಳಬಾರದೇ ಎಂದು ಅವಳು ಅಂದುಕೊಂಡ ಆ ಚಣದಲ್ಲಿ ಎಡಗೈಯ ಕಿರುಬೆರಳು 'ದೋ'ಗೆ ಹೋಗುವ ದಾರಿ ಬಿಟ್ಟು 'ಲಾ'ದ ಮೇಲೆ ಕೂತಿತು. ಯಾರೂ ಏಳಲಿಲ್ಲ. ಐನೂರು ಜನ, ಹೆಡ್‌ಮಾಸ್ಟರು, ಪೋಷಕರು, ಐದು ತರಗತಿಯ ಚಿಕ್ಕ ಮಕ್ಕಳು, ಎಲ್ಲರೂ ಬಾಗಿಯೇ ಇದ್ದರು. ಉಪಮುಖ್ಯಸ್ಥ ನೋಜುಎ ಅರ್ಧ ಎದ್ದು, ಸುತ್ತ ನೋಡಿ, ಮತ್ತೆ ಬಾಗಿದರು. ಒಲೆಯ ಫ್ಯಾನು ತಿರುಗುವುದು ಕೇಳಿಸುತ್ತಿತ್ತು. ಅವಳ ಕೈ ಕಲ್ಲಾಗಿತ್ತು. ಎಷ್ಟು ಹೊತ್ತೆಂದು ಕೇಳಿದರೆ ಅವಳು ಒಂದು ನಿಮಿಷ ಅನ್ನುತ್ತಾಳೆ, "ಒಂದು ನಿಮಿಷ ಬಾಗಿದ್ರೆ ಅರ್ಧ ಜನ ಬಿದ್ದೇ ಹೋಗ್ತಿದ್ರು ಕಣೇ," ಅನ್ನುತ್ತಾನೆ ತಾಮೊತ್ಸು. ಕೊನೆಗೆ ಹೇಗೋ ಸರಿಯಾದ ಗೊಂಚಲು ಬಂತು, ಎಲ್ಲರೂ ಎದ್ದರು, ಮಿಚಿರು ಬಾಯಿ ತೆರೆದಳು, ಮಾತು ಬರಲಿಲ್ಲ. ಕೆಂಪಗಾದಳು, ತುಟಿ ಕಚ್ಚಿದಳು, ಭುಜ ನಡುಗಿತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ ಮಾತು. ಒಬ್ಬ ಹುಡುಗಿಯ ಬೀಳ್ಕೊಡುಗೆಯನ್ನು ಕಿರುಬೆರಳೊಂದು ನುಂಗಿಹಾಕಿತು. ಮರುವರ್ಷ ನೋಜುಎ ತುಂಬ ಮೃದುವಾಗಿ, "ಈ ಸಲ ಕ್ಯಾಸೆಟ್ ಹಾಕಿಬಿಡೋಣ್ವಾ ನೀಮುರಾ ಸೆನ್ಸೇ, ನಿಮಗೂ ಆರಾಮು," ಅಂದರು. ಆ ಮೃದುತ್ವ ಇವತ್ತಿಗೂ ಅವಳ ಕೊರಳಲ್ಲಿ ಮೀನಿನ ಮುಳ್ಳಿನಂತೆ ಇದೆ. ಆಮೇಲೆ ಎಷ್ಟು ಶಾಲೆಗೆ ವರ್ಗವಾದರೂ ಪ್ರತಿ ಮಾರ್ಚಿಗೆ ಒಂದೊಂದು ನೆಪ: ಮೊಣಕೈ, ಜ್ವರ, ಕಿರಿಯರಿಗೂ ಅವಕಾಶ ಬೇಕಲ್ಲ.

ಬಾಗಿಲು ತೆರೆಯಿತು. "ಅಲುಗಿದ್ರೆ ಪರವಾಗಿಲ್ಲ ಅಶಿಜಾವಾ-ಸಾನ್, ಎಲ್ರೂ ಬಾಗ್ತಾರೆ! ನಿನ್ನೆ ಒಬ್ಬ ಅಜ್ಜ ಎದ್ದೇ ನಿಂತ್ಬಿಟ್ರು, ಟೋಪಿ ಮೇಜಿನ ಮೇಲೆ ಉಳೀತು," ಎಂದು ಹಯಾಸೆ ಓಡಿಬಂದ. ಆಮೇಲೆ ಅವನ ದನಿ ಬದಲಾಯಿತು. "ಅಶಿಜಾವಾ-ಸಾನ್? ಏಳ್ಬಹುದು. ಮುಗೀತು." ಕಿನುಯೊ ಏಳಲಿಲ್ಲ. ಹಣೆ ಮೊಣಕಾಲಿಗೆ ಹತ್ತಿರವಿತ್ತು, ಹೊಸ ಕಾಲುಚೀಲದ ತುದಿಗಳು ಕಾಣುತ್ತಿದ್ದವು, ಬಲಗಾಲಿನದು ನಿಜವಾಗಿಯೂ ತೂತಾಗಿತ್ತು. ಬಾಗಿದ ಮೇಲೆ ಈ ಬಾಗುವಿಕೆ ಏತಕ್ಕೆಂದು ಅವಳಿಗೆ ತಿಳಿದಿತ್ತು. ಮೂವತ್ತೊಂದು ವರ್ಷ ತಡವಾದ ನಮಸ್ಕಾರವನ್ನು ಇಷ್ಟು ಬೇಗ ಮುಗಿಸುವಂತಿರಲಿಲ್ಲ. ಇನ್ನೊಂದು ಜೊತೆ ಪಾದಗಳು ಬಂದು ಎದುರು ನಿಂತವು, ಹಸಿರು ಉಣ್ಣೆಯ ಕಾಲುಚೀಲ, ಎರಡಕ್ಕೂ ಬೇರೆ ಬೇರೆ ಹಸಿರು. "ಏನಾದ್ರೂ ತೊಂದರೆ ಆಯ್ತಾ?" ಎಂದು ಹೆಂಗಸಿನ ದನಿ ಕೇಳಿತು.

"ಕ್ಷಮಿಸಬೇಕು," ಅಂದಳು ಕಿನುಯೊ, ಆ ಪಾದಗಳಿಗೆ. "ಅದನ್ನ ನುಡಿಸಿದ್ದು ನಾನು. ಆವತ್ತು. ನಿಮ್ಮ ಮಾತು ಮರೆತುಹೋಗೋ ಹಾಗೆ ಮಾಡ್ದೆ."

ಹಸಿರು ಪಾದಗಳು ಒಂದು ಹೆಜ್ಜೆ ಹಿಂದೆ ಹೋದವು. ಮತ್ತೆ ಎರಡು ಹೆಜ್ಜೆ ಮುಂದೆ ಬಂದವು. ಆಮೇಲೆ ಮೊಣಕಾಲು ಬಂತು, ಆಮೇಲೆ ನೆಲಕ್ಕೆ ಕೂತು ಕೆಳಗಿನಿಂದ ಮೇಲೆ ನೋಡುವ ಮುಖ ಬಂತು. ನಲವತ್ಮೂರರ ದುಂಡು ಮುಖದೊಳಗೆ ಹನ್ನೆರಡರ ಮುಖ ಕಿಟಕಿಯಿಂದ ಇಣುಕಿದ ಹಾಗೆ ಕಂಡಿತು. "ನೀಮುರಾ ಸೆನ್ಸೇ?" ಎಂದಳು ಮಿಚಿರು. ತಕ್ಷಣ, ಪ್ರೊಫೆಸರಾದವಳು ಮಾಡಬಾರದ ಒಂದು ಸದ್ದು ಅವಳ ಬಾಯಿಂದ ಹೊರಟಿತು, ಜಾರುಬಂಡೆಯ ತುದಿಯಲ್ಲಿ ಮಕ್ಕಳು ಮಾಡುವಂಥದು. "ಹಯಾಸೆ! ಹಯಾಸೆ, ಇವರು ಯಾರು ಗೊತ್ತೇನೋ? ಇವರೇ ಕಣೋ! ಆ 'ಲಾ'! ಆ 'ಲಾ' ಇವರದೇ!" ಹಯಾಸೆ ಕೈಯಲ್ಲಿದ್ದ ಲೋಳೆಯ ಸಿರಿಂಜಿನ ಸಮೇತ ನೆಟ್ಟಗೆ ನಿಂತು, ಯಾವುದೋ ದೊಡ್ಡ ಮನುಷ್ಯರ ಎದುರು ನಿಂತವನಂತೆ ಬಾಗಿದ. ಏಳುವಾಗ ಸೂರಿನ ದೀಪ ಅವನ ತಲೆಗೆ ಬಡಿಯಲಿಲ್ಲ ಸದ್ಯ.

ಚಹಾದ ಕೋಣೆಯಲ್ಲಿ ಕೂತ ಮೇಲೂ ಕಿನುಯೊವಿನ ತಲೆಯಲ್ಲಿ ಟೋಪಿ ಹಾಗೆಯೇ ಇತ್ತು, ತಂತಿಗಳು ಬೆನ್ನ ಮೇಲೆ ಜಡೆಯಂತೆ ಇಳಿಬಿದ್ದಿದ್ದವು. ತೆಗೆಯುವುದು ಯಾರಿಗೂ ನೆನಪಾಗಲಿಲ್ಲ, ತೆಗೆಯಿರೆಂದು ಹೇಳಲು ಅವಳಿಗೆ ಸಂಕೋಚ. ತಂದಿದ್ದ ಮಿಕಾನ್ ಕಿತ್ತಳೆಗಳನ್ನು ಮೇಜಿನ ಮೇಲೆ ಇಟ್ಟಳು, ಹಿತ್ತಲಿನದು, ಹುಳಿ ಇರಬಹುದು ಎಂದು ಮೊದಲೇ ಹೇಳಿದಳು. ಮಿಚಿರು ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡು, "ಜೇನು ಇದ್ದ ಹಾಗಿದೆ ಸೆನ್ಸೇ. ಹುಳಿ ಅಂತ ಹೇಳಿದ್ರಲ್ಲ, ಅದಕ್ಕೇ ಇನ್ನೂ ಸಿಹಿ. ಇದನ್ನೇ ನಾನು ಹನ್ನೆರಡು ವರ್ಷದಿಂದ ಅಳೀತಿರೋದು," ಅಂದಳು. "ಮೆದುಳು ಸುಮ್ನೆ ಕೂತು ಕೇಳಲ್ಲ. ಮುಂದೇನು ಅಂತ ಮುಂಚೇನೇ ಹೇಳ್ಕೊಂಡಿರುತ್ತೆ. ಇದೇ ಬರೋದು ಅಂತ ಖಾತ್ರಿಯಾಗಿ ಕೂತಾಗ ಬೇರೇದು ಬಂದ್ರೆ ಒಂಥರಾ ಖುಷಿ. ದಿಕ್ಕೇ ತಿಳೀದೆ ಒದ್ದಾಡ್ತಿರುವಾಗ ಗೊತ್ತಿದ್ದದ್ದು ಸಿಕ್ರೆ ಇನ್ನೊಂಥರಾ. ನಿಮ್ಮ ಗೆರೆಗಳು ನೋಡಬೇಕು, ಪ್ರತಿ ಗೊಂಚಲಿಗೆ ಮುಂಚೆ ಮೊಲದ ಕಿವಿ ಹಾಗೆ ನೆಟ್ಟಗೆ ನಿಲ್ತಾವೆ. ಇಷ್ಟು ಕಾಯೋ ಮೆದುಳು ನಾನು ನೋಡೇ ಇಲ್ಲ." ಕಾಯುವ ಮೆದುಳು ಎಂಬ ಮಾತನ್ನು ಕಿನುಯೊ ಚಹಾದ ಜೊತೆ ನಿಧಾನವಾಗಿ ನುಂಗಿದಳು. ಇಲ್ಲಿಯವರೆಗೆ ಅದನ್ನು ಎಲ್ಲರೂ ಹೆದರುಪುಕ್ಕಲು ಅಂದಿದ್ದರು. "ಆದರೆ ಆವತ್ತು ನೀವು ಅತ್ತಿರಲ್ಲ," ಅಂದಳು.

"ಅತ್ನಾ? ಸೆನ್ಸೇ, ನಾನು ನಗ್ತಿದ್ದೆ!" ಮಿಚಿರು ಮೇಜು ತಟ್ಟಿದಳು. "ಬಾಗಿದ್ನಲ್ಲ, ಎದುರಿಗೆ ಹೆಡ್‌ಮಾಸ್ಟರ ಬೋಳುತಲೆ, ನನ್ನ ಮೂಗಿಗೆ ಇಷ್ಟೇ ದೂರ. ಏಳೋಣ ಅಂದ್ರೆ ಪಿಯಾನೊ ಬಿಡ್ತಾ ಇಲ್ಲ. ಅವರು ಮೆಲ್ಲಗೆ, 'ಓಬಾ, ಏಳಬಹುದಾ?' ಅಂತ ನನ್ನ ಕೇಳಿದ್ರು. ಹೆಡ್‌ಮಾಸ್ಟರು, ನನ್ನ! 'ಗೊತ್ತಿಲ್ಲ ಸರ್' ಅಂದೆ. ಆಮೇಲೆ ಎಲ್ಲಿಂದ ಮಾತು ಬರಬೇಕು? ಕೆನ್ನೆ ಒಳಗಡೆ ರಕ್ತ ಬರೋ ಹಾಗೆ ಕಚ್ಕೊಂಡಿದ್ದೆ. ನಮ್ಮಜ್ಜಿ ಸಾಯೋ ತನಕ ಎಲ್ಲರ ಹತ್ರ ಹೇಳ್ಕೊಂಡ್ರು, ನಮ್ಮ ಹುಡುಗಿದು ಎಷ್ಟು ಮೆತ್ತನೆ ಮನಸ್ಸು, ಶಾಲೆ ಬಿಟ್ಟುಹೋಗೋಕೆ ಅಳ್ತಿದ್ಲು ಅಂತ." ಆಮೇಲೆ ದನಿ ತಗ್ಗಿಸಿ, "ಒಂದು ಕೇಳ್ಲಾ? ಬೇಕಂತಲೇ ನುಡಿಸಿದ್ರಿ ಅಲ್ವಾ? ಇನ್ನೊಂಚೂರು ಹೊತ್ತು ಶಾಲೇಲಿ ಇರ್ಲಿ ಅಂತ. ನಾವೆಲ್ಲ ಹಾಗೇ ಮಾತಾಡ್ಕೊಂಡಿದ್ವಿ," ಅಂದಳು.

ಹೌದೆಂದರೆ ಸಾಕಿತ್ತು. ಮಿಕಾನ್ ಸಿಪ್ಪೆಯನ್ನು ಕಿನುಯೊ ನಾಲ್ಕು ಮಡಿಕೆ ಮಡಚಿದಳು. ಮೂವತ್ತೊಂದು ವರ್ಷ ಹೊತ್ತ ತಪ್ಪನ್ನು ಎದುರಿನವರು ಉಡುಗೊರೆಯ ಕಾಗದ ಸುತ್ತಿ ವಾಪಸು ಕೊಡುತ್ತಿದ್ದಾರೆ, ಎರಡೂ ಕೈಯಲ್ಲಿ ತೆಗೆದುಕೊಂಡರಾಯಿತು. "ಇಲ್ಲ," ಅಂದಳು. "ಬೆರಳು ಜಾರಿತು. ನಿಮ್ಮ ರಿಬ್ಬನ್ ಬಿಚ್ಚಿಹೋಗ್ತಿತ್ತು, ಅದನ್ನ ನೋಡ್ತಾ ಇದ್ದೆ." ಮಿಚಿರುವಿನ ಕೈ ತಾನಾಗಿ ಹಿಂದಲೆಗೆ ಹೋಯಿತು. ಅವಳ ಕಣ್ಣು ಒದ್ದೆಯಾದದ್ದು ನಗುವಿಗೋ ಮತ್ತಾವುದಕ್ಕೋ ತಿಳಿಯಲಿಲ್ಲ. "ಅಷ್ಟು ಜನದಲ್ಲಿ ನನ್ನ ರಿಬ್ಬನ್ ನೋಡಿದ್ರಾ?" ಎಂದು ಮೆಲ್ಲಗೆ ಅಂದು, ಎದ್ದು ಹೋಗಿ ಕಂಪ್ಯೂಟರ್ ತಂದಳು. "ಹಾಗಾದ್ರೆ ಇದನ್ನ ನೀವು ಕೇಳಲೇಬೇಕು. ನಮ್ಮಪ್ಪ ವಿಡಿಯೋ ತೆಗೀತಿದ್ರು. ಪ್ರತಿ ವರ್ಷ ಮೊದಲ ಪಾಠಕ್ಕೆ ಇದನ್ನೇ ಹಾಕೋದು." ಪ್ರತಿ ವರ್ಷವೇ ಎಂದು ಕಿನುಯೊ ಮಡಚಿದ ಸಿಪ್ಪೆಯನ್ನು ಬಿಚ್ಚಿ ಮತ್ತೆ ಮಡಚಿದಳು. "ಪ್ರತಿ ವರ್ಷ ನೂರೈವತ್ತು ಜನ," ಎಂದು ಹಯಾಸೆ ಹೆಮ್ಮೆಯಿಂದ ಸೇರಿಸಿದ.

ಕಂಪ್ಯೂಟರಿನಲ್ಲಿ ಆವತ್ತಿನ ಪರದೆಯ ಕೆಂಪು ಬಿಳಿ ಪಟ್ಟೆ, ವೇದಿಕೆ, ಪುಟ್ಟ ಮಿಚಿರು. ಮೊದಲ ಗೊಂಚಲು. ಎರಡನೆಯದು ಬಂದದ್ದೇ ಚಿತ್ರ ಸರ್ರನೆ ಕೆಳಗಿಳಿಯಿತು, ಮರದ ನೆಲ, ಕಂದು ಬಣ್ಣದ ಅತಿಥಿ ಚಪ್ಪಲಿ, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಶಾಲೆಯ ಹೆಸರು, ಚಪ್ಪಲಿಗಿಂತ ದೊಡ್ಡದಾದ ಒಂದು ಹಿಮ್ಮಡಿ. "ನಮ್ಮಪ್ಪಾನೂ ಬಾಗಿದ್ರು," ಅಂದಳು ಮಿಚಿರು. "ಕ್ಯಾಮೆರಾ ಕೈಯಲ್ಲಿದ್ರೂ ಬಾಗಿದ್ರು, ಪಾಪ." ಆಮೇಲೆ ಆ 'ಲಾ'. ನೆಲ ಅಲ್ಲಾಡಲಿಲ್ಲ. ಚಪ್ಪಲಿ ಅಲ್ಲಾಡಲಿಲ್ಲ. ಒಲೆಯ ಫ್ಯಾನಿನ ಸದ್ದು, ಎಲ್ಲೋ ಒಂದು ಮಗುವಿನ "ಅಮ್ಮಾ, ಇನ್ನೂನಾ?", ಅದಕ್ಕೆ "ಶ್ಶ್". ಕಿನುಯೊ ಕುರ್ಚಿಯ ಅಂಚು ಹಿಡಿದಿದ್ದಳು. ಇನ್ನೂ ಇದೆ, ಇನ್ನೂ ಬಹಳ ಹೊತ್ತು ಇದೆ ಎಂದುಕೊಳ್ಳುವಷ್ಟರಲ್ಲಿ ಸರಿಯಾದ ಗೊಂಚಲು ಬಂದುಬಿಟ್ಟಿತು, ಚಿತ್ರ ಮೇಲೇರಿತು. "ನಾಲ್ಕೂಕಾಲು ಸೆಕೆಂಡು," ಅಂದ ಹಯಾಸೆ. ಒಂದು ಜನ್ಮದಷ್ಟು ಉದ್ದವಿದ್ದದ್ದು ಅಷ್ಟೇ ಆಗಿತ್ತೇ? ಅವಳಿಗೆ ಮೋಸಹೋದಂತೆಯೂ ಅನಿಸಿತು. "ಇನ್ನೊಂದು ಸಲ ಕೇಳಿ ಸೆನ್ಸೇ," ಎಂದು ಮಿಚಿರು ಸದ್ದು ಹೆಚ್ಚಿಸಿದಳು. "ಇಲ್ಲಿ. ಫ್ಯಾನಿನ ಸದ್ದಿನ ಹಿಂದೆ. ಮೂರನೇ ಸೆಕೆಂಡಿಗೆ." ಹಿಂದೆ, ತೀರ ಎಡಕ್ಕೆ, ಪಿಯಾನೊ ಇದ್ದ ಕಡೆಯಿಂದ, ಮೂಗಿನಲ್ಲಿ ತಡೆದೂ ತಡೆಯಲಾರದೆ ಚಿಮ್ಮಿದ ಒಂದು ಪುಟ್ಟ ಸದ್ದು. ಕಿಸಕ್. "ಇದು ಯಾರು?" ಎಂದು ಕೇಳಿದಳು ಕಿನುಯೊ. ಕೇಳುವಾಗಲೇ ಗೊತ್ತಾಗಿತ್ತು. ಹೆಣ್ಣುಮಕ್ಕಳು ಹೀಗೆ ಮೂಗಲ್ಲಿ ನಗಬಾರದೆಂದು ಅಮ್ಮ ಬೈಯುತ್ತಿದ್ದ ನಗು ಅದು. ಪಿಯಾನೊದ ಪಕ್ಕ ಇದ್ದದ್ದು ಒಬ್ಬಳೇ.

ಹಾಗಾದರೆ ಕೈ ಕಲ್ಲಾಗಿದ್ದ ಆ ಹೊತ್ತಿನಲ್ಲಿ ಅವಳೊಳಗೆ ಯಾರೋ ನಕ್ಕಿದ್ದರು. ಐನೂರು ಬೆನ್ನುಗಳನ್ನು ನೋಡಿ, ನೋಜುಎಯ ಅರ್ಧ ಎದ್ದ ತಲೆಯನ್ನು ನೋಡಿ, ಮುಂದೇನೆಂದು ಯಾರಿಗೂ ತಿಳಿಯದೆ ಒಂದಿಡೀ ಸಭಾಂಗಣ ಉಸಿರು ಹಿಡಿದು ತನ್ನ ಕಿರುಬೆರಳನ್ನು ಕಾಯುತ್ತಿದ್ದದ್ದನ್ನು ನೋಡಿ ನಕ್ಕವಳು. ಅವಳನ್ನು ತಾನು ಆ ದಿನವೇ ಅಲ್ಲಿಂದ ಹೊರಗೆ ಕಳಿಸಿ, ಹೆದರಿದವಳೊಬ್ಬಳನ್ನೇ ಮನೆಗೆ ಕರೆದುಕೊಂಡು ಬಂದಿದ್ದಳು, ಮೂವತ್ತೊಂದು ವರ್ಷ ಅವಳೊಬ್ಬಳಿಗೇ ಊಟ ಬಡಿಸಿದ್ದಳು. ಕಿನುಯೊ ಬಾಯಿಗೆ ಕೈ ಅಡ್ಡ ಹಿಡಿದಳು. ತಡವಾಗಿತ್ತು. ಅದೇ ಸದ್ದು, ಸ್ವಲ್ಪ ಒಡಕಾಗಿ, ಮೂಗಿನಿಂದ ಹೊರಟೇಬಿಟ್ಟಿತು. ಹಯಾಸೆ ಪರದೆ ನೋಡಿದ, ಅವಳನ್ನು ನೋಡಿದ. "ಅದೇ ಸದ್ದು, ಸೆನ್ಸೇ! ಅದೇ!" ಅಂದ.

"ಶಾಲೆಯಿಂದ ನಿಮಗೂ ಕಾರ್ಡ್ ಬಂತಾ?" ಎಂದಳು ಮಿಚಿರು. "ನಾನು ಬರ್ತೀನಿ ಅಂತ ಹಾಕ್ದೆ. ಪಿಯಾನೊ ಯಾರು ನುಡಿಸ್ತಾರೋ ಗೊತ್ತಿಲ್ಲ." ಕಿನುಯೊ ಚಹಾದ ಲೋಟ ಕೆಳಗಿಟ್ಟಳು. ಚಹಾದ ಕೋಣೆಯ ಮೂಲೆಯಲ್ಲಿ, ಮೇಲೆ ಕಾಗದದ ರಾಶಿ ಹೊತ್ತ ಹಳೆಯ ಪಿಯಾನೊ ಒಂದಿತ್ತು. ಬಂದಾಗಿನಿಂದ ಅದರ ಕಡೆ ನೋಡದಂತೆ ಎಚ್ಚರವಾಗಿ ಕೂತಿದ್ದಳು. ಈಗ ಎದ್ದು ಹೋಗಿ ಮುಚ್ಚಳ ತೆರೆದಳು. ತಂತಿಯ ಜಡೆ ಭುಜದ ಮೇಲಿಂದ ಜಾರಿ ಮುಂದೆ ಬಂತು, ಅದನ್ನು ಹಿಂದಕ್ಕೆ ಎಸೆದಳು. ಎದುರು ನಿಂತಿದ್ದವರಿಗೆ ಏನೂ ಹೇಳಬೇಕಾಗಲಿಲ್ಲ. ಮೊದಲ ಗೊಂಚಲಿಗೆ ಪ್ರೊಫೆಸರ್ ಓಬಾ ಮಿಚಿರು ಹನ್ನೆರಡರ ಹುಡುಗಿಯಂತೆ ಕೈಗಳನ್ನು ತೊಡೆಗೆ ಅಂಟಿಸಿ ನೆಟ್ಟಗೆ ನಿಂತಳು, ಹಯಾಸೆ ಸೂರಿನವರೆಗೆ ನೆಟ್ಟಗಾದ. ತೆರೆದ ಬಾಗಿಲಾಚೆ ನೆಲ ಒರೆಸುತ್ತಿದ್ದ ಹೆಂಗಸೊಬ್ಬಳು ಕೋಲು ಹಿಡಿದು ತಟಕ್ಕನೆ ನಿಂತಳು. ಎರಡನೆಯದಕ್ಕೆ ಮೂರು ಬೆನ್ನುಗಳು ಬಾಗಿದವು. ಕೋಲೂ ಅವಳ ಜೊತೆ ಬಾಗಿತು. ಕಿನುಯೊ ಕೈ ನೋಡಿಕೊಳ್ಳಲಿಲ್ಲ. ಅವರನ್ನೇ ನೋಡುತ್ತ, ಹಯಾಸೆಯ ಅಂಗಿಯ ತುದಿ ಪ್ಯಾಂಟಿನಿಂದ ಹೊರಬಂದದ್ದನ್ನು ನೋಡುತ್ತ, ಹೇಳಬೇಕೆಂದು ಅನ್ನಿಸದೆ, ಎಡಗೈಯ ಕಿರುಬೆರಳನ್ನು ತಿಳಿದು ತಿಳಿದೇ 'ಲಾ'ದ ಮೇಲಿಟ್ಟು ಒತ್ತಿದಳು.

ಯಾರೂ ಏಳಲಿಲ್ಲ. ನಾದ ಕೋಣೆಯ ತುಂಬ ಹರಡಿ, ಹೊರಗಿನ ಗಾಳಿಗೆ ನಡುಗುತ್ತಿದ್ದ ಕಿಟಕಿಯ ಗಾಜಿಗೆ ತಾಗಿ, ತೆಳ್ಳಗಾಗುತ್ತ ಹೋಯಿತು. ಒಂದು ಸೆಕೆಂಡು. ಎರಡು. ಮಿಚಿರುವಿನ ಭುಜಗಳು ನಡುಗತೊಡಗಿದವು, ಆವತ್ತಿನ ಹಾಗೆಯೇ. ಬಾಗಿಲಾಚೆಯಿಂದ ನೆಲ ಒರೆಸುವವಳು, "ಏನಿದು, ಮುಗೀಲಿಲ್ವಾ?" ಎಂದು ನೆಲಕ್ಕೆ ಹೇಳಿದಳು. ಕಾರ್ಡನ್ನು ಪೆನ್ಸಿಲಿನಲ್ಲಿ ಬರೆದದ್ದು ಒಳ್ಳೆಯದಾಯಿತು ಎಂದುಕೊಂಡಳು ಕಿನುಯೊ. ಹೋಗುತ್ತ ಇಲ್ಲೇ ಯಾರ ಬಳಿಯಾದರೂ ರಬ್ಬರು ಕೇಳಬೇಕು. ಮೂರು. ನಾಲ್ಕು. ನಾಲ್ಕೂಕಾಲು ಆಗಿ ಅದನ್ನೂ ದಾಟಿತು. "ಸೆನ್ಸೇ," ಎಂದು ಕೆಳಗಿನಿಂದ ಹಯಾಸೆಯ ದನಿ ಬಂತು, "ನನ್ನ ಬೆನ್ನು ಉದ್ದ, ನೋಯ್ತಾ ಇದೆ. ಏಳಬಹುದಾ?"

"ಇನ್ನೂ ಇಲ್ಲ," ಅಂದಳು ಕಿನುಯೊ. 'ದೋ' ಎಲ್ಲಿದೆಯೆಂದು ಬೆರಳಿಗೆ ಗೊತ್ತಿತ್ತು. ಅವಳಿಗೆ ಅವಸರವೇ ಇರಲಿಲ್ಲ.